ತೆಂಗಿನ ಚಿಪ್ಪಿನ ಮೊಸಳೆ ಮತ್ತು ಇನ್ನೆರಡು

ಬಹಳ ಹಿಂದೆ, ಈಗ ಯಾರಿಗೂ ದಾರಿ ಗೊತ್ತಿಲ್ಲದ ತೊರೆನಾಡೆಂಬ ರಾಜ್ಯದಲ್ಲಿ, ಚೌಡಯ್ಯನೆಂಬ ಪೊರಕೆ ಕಟ್ಟುವವನಿದ್ದ. ಐವತ್ತು ದಾಟಿತ್ತು.

ಒಂದು ಬೆಳಗ್ಗೆ ಧೂಮಾಕ್ಷನೆಂಬ ಮಾಂತ್ರಿಕ ಕೋಟೆಯ ಮುಂದೆ ಬಂದು ನಿಂತ. ಜೊತೆಗೆ ಮೂರು ಮೃಗಗಳು. ಒಂದೊಂದೂ ಗುಡ್ಡದಷ್ಟು.

"ನಡುಹಗಲಿನೊಳಗೆ ರಾಣಿ ಕಿರೀಟ ಕೊಡಲಿ. ಇಲ್ಲವಾದರೆ ಇವು ಊರನ್ನು ತುಳಿಯುತ್ತವೆ!"

ಸೈನಿಕರು ಬಾಣ ಬಿಟ್ಟರು. ನಾಟಲಿಲ್ಲ. ಊರಿನವರು ಓಡಿದರು. ಚೌಡಯ್ಯ ಓಡಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ.

"ಅಯ್ಯೋ, ಇವು ನಮ್ಮವಲ್ಲವೆ!" ಎಂದ.

ಹೌದು, ಅವನವೇ. ಅವನ ತಾಯಿ ಅರಮನೆಯಲ್ಲಿ ಅಡುಗೆಯವಳು. ಚೌಡನೂ ರಾಜಕುಮಾರಿ ಅಮೃತವಲ್ಲಿಯೂ ಒಂದೇ ವಯಸ್ಸಿನವರು. ಉಗ್ರಾಣದ ನೆಲದ ಮೇಲೆ ಇದ್ದಿಲಿನಿಂದ ಗುಹೆ ಬರೆದು ಆಡುತ್ತಿದ್ದರು. ವಲ್ಲಿ ಕತೆ ಹೇಳುವವಳು, ಚೌಡ ವೀರ. "ಎದುರಿಗೆ ರಾಕ್ಷಸ. ಏನು ಮಾಡುತ್ತೀ?" ಎಂದು ಅವಳು ಕೇಳಬೇಕು. ಅವನು ಹೇಳಬೇಕು. ಅವಳು ಆರು ಕವಡೆ ಹಾಕಬೇಕು. ಮೂರಾದರೂ ಅಂಗಾತ ಬಿದ್ದರೆ ಅವನು ಹೇಳಿದ್ದು ನಡೆಯಿತು. ಕಡಿಮೆ ಬಿದ್ದರೆ ವೀರ ರಾಕ್ಷಸನ ಹೊಟ್ಟೆಗೆ.

ಅರಮನೆಯಲ್ಲಿ ದಂತದ ಗೊಂಬೆಗಳು ಬೇಕಾದಷ್ಟಿದ್ದವು. ರಾಕ್ಷಸರಿರಲಿಲ್ಲ. ತಾವೇ ಮಾಡಿಕೊಂಡರು, ಜನ ಬಿಸಾಡಿದ್ದರಲ್ಲೇ. ಹಳೆ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಕೈಯಲ್ಲಿ ತಟ್ಟಿ, ಬಿಸಿಲಿಗಿಟ್ಟು. ಕೈ ಮೂರು ದಿನ ಮೆಂತ್ಯ ನಾರುತ್ತಿತ್ತು. ಅಂಥ ಸುಖ ಆಮೇಲೆ ಸಿಗಲಿಲ್ಲ.

ಹನ್ನೆರಡನೆಯ ವಯಸ್ಸಿಗೆ ವಲ್ಲಿಗೆ ಪಟ್ಟವಾಯಿತು. ಗೊಂಬೆಗಳ ಪೆಟ್ಟಿಗೆ ಅಟ್ಟ ಸೇರಿತು. ಚೌಡ ಕೋಟೆಯ ಹೊರಗಾದ. ಮತ್ತೆ ಮಾತಿಲ್ಲ.

ಧೂಮಾಕ್ಷ ಆ ಪೆಟ್ಟಿಗೆ ಕದ್ದು, ಗೊಂಬೆಗಳ ಮೇಲೆ ಮಂತ್ರದ ಬೂದಿ ಊದಿದ್ದ. ಬೂದಿ ಊದಿದರೆ ಗಾತ್ರ ಬದಲಾಗುತ್ತದೆ. ಮಾಡಿದ ಕೈಯ ತಪ್ಪು ಬದಲಾಗುವುದಿಲ್ಲ.

ಚೌಡಯ್ಯ ಒಂದು ಪೊರಕೆ ಹಿಡಿದು ಹೊರಟ.

ಮೊದಲು ಬಂದದ್ದು ತೆಂಗಿನ ಚಿಪ್ಪಿನ ಮೊಸಳೆ. ಅದರ ಹಲ್ಲುಗಳು ಕಡ್ಡಿಯವು, ಅನ್ನದ ಅಗುಳಿನಿಂದ ಅಂಟಿಸಿದವು. ಕಚ್ಚಿದರೆ ಉದುರುತ್ತಿದ್ದವು. ಅದಕ್ಕೇ ಆಟದಲ್ಲಿ ಕಟ್ಟಳೆ ಮಾಡಿದ್ದರು: ಹಲ್ಲು ಆರಿಸಿಕೊಳ್ಳುವ ತನಕ ಮೊಸಳೆ ಮುಂದೆ ಬರಬಾರದು. ಚೌಡಯ್ಯ ಪೊರಕೆ ಒಡ್ಡಿದ. ಮೊಸಳೆ ಕಚ್ಚಿತು. ಮನೆಯ ತೊಲೆಯಂಥ ಹಲ್ಲುಗಳು ದಡದಡ ಬಿದ್ದವು.

"ಆರಿಸಿಕೋ," ಎಂದ. ಅದು ಕೂತು ಆರಿಸತೊಡಗಿತು.

ಎರಡನೆಯದು ಏಡಿಯಂಥ ಕೊಂಡಿಗಳಿದ್ದ ಆನೆ. ಕಾಗದದ ಹಿಟ್ಟು ಸಾಲದೆ ಒಂದು ಕಾಲು ಗಿಡ್ಡ. ಆ ಕಾಲಿನ ಕೆಳಗೆ ಕಲ್ಲು ಮೆತ್ತಿ ನಿಲ್ಲಿಸಿದ್ದರು. ಆ ಕಲ್ಲೀಗ ಬಂಡೆಯಾಗಿತ್ತು.

"ಏನ್ರೋ, ನೋಡುತ್ತಾ ನಿಂತಿರಿ? ಹಾರೆ ತನ್ನಿ!" ಎಂದು ಸೈನಿಕರನ್ನು ಗದರಿದ. ನಾಲ್ವರು ಮೀಟಿದರು. ಬಂಡೆ ಉರುಳಿತು. ಆನೆ ಧೊಪ್ಪನೆ ಕೂತಿತು. ಏಳಲಾಗಲಿಲ್ಲ.

ಮೂರನೆಯದಕ್ಕೆ ಹೆಸರಿಲ್ಲ. ಬರೀ ಮುದ್ದೆ, ಮೊಂಡು ಕಾಲು, ಎರಡು ಗುಲಗಂಜಿ ಕಣ್ಣು. ಪಟ್ಟದ ಹಿಂದಿನ ದಿನ ಅವಸರದಲ್ಲಿ ಮಾಡಿದ್ದು. ಅದನ್ನಿಟ್ಟು ಆಡಿರಲೇ ಇಲ್ಲ. ಅದಕ್ಕೆ ಕಟ್ಟಳೆಯೂ ಇರಲಿಲ್ಲ.

ಧೂಮಾಕ್ಷ ನಕ್ಕ. "ಇದಕ್ಕೇನು ಮಾಡುತ್ತೀಯೋ, ಪೊರಕೆಯವನೇ?"

ಚೌಡಯ್ಯ ಕೋಟೆಯ ಮೇಲಕ್ಕೆ ನೋಡಿದ. "ವಲ್ಲೀ! ಏನು ಮಾಡುತ್ತೀ ಅಂತ ಕೇಳೇ!"

"ಮಹಾರಾಣಿಯವರನ್ನು ಏಕವಚನದಲ್ಲಿ ಕರೆಯುತ್ತೀಯಾ? ನಾಲಗೆ ಸೀಳುತ್ತೇನೆ!" ಎಂದ ದಳಪತಿ.

ರಾಣಿ ಕೋಟೆಗೋಡೆಯಿಂದ ಬಗ್ಗಿ ನೋಡಿದಳು. "ಚೌಡಾ? ನೀನೇನೋ? ತಲೆಗೂದಲೆಲ್ಲ ಎಲ್ಲಿ ಹೋಯಿತೋ?"

"ಆಮೇಲೆ ಹೇಳುತ್ತೇನೆ. ಮೊದಲು ಕೇಳು."

ರಾಣಿ ಕೇಳಿದಳು. "ಎದುರಿಗೆ ರಾಕ್ಷಸ. ಏನು ಮಾಡುತ್ತೀ?"

"ಅದಕ್ಕೊಂದು ಬಾಯಿ ಮಾಡಿಕೊಡುತ್ತೇನೆ. ಅವತ್ತು ಉಳಿದುಹೋಗಿತ್ತು."

ರಾಣಿ ದಾಸಿಯಿಂದ ಕವಡೆ ತರಿಸಿ ಕಲ್ಲಿನ ಮೇಲೆ ಹಾಕಿದಳು. ಬಗ್ಗಿ ಎಣಿಸಿದಳು. ಮೃಗದ ಪಾದ ಚೌಡಯ್ಯನ ನೆತ್ತಿಯ ಮೇಲೆ ಬಂದಿತ್ತು.

"ಎಷ್ಟೇ?"

"ಎರಡು," ಎಂದಳು. ಸುಳ್ಳು ಹೇಳಲಿಲ್ಲ. "ಮೂರು ಕವುಚಿ ಬಿದ್ದಿವೆ. ಒಂದು ಕಲ್ಲಿನ ಸಂದಿಗೆ ಒರಗಿ ನಿಂತಿದೆ."

"ನಿಂತದ್ದನ್ನು ಮತ್ತೆ ಹಾಕುತ್ತಿದ್ದೆವು."

"ಮೋಸ! ಮೋಸ!" ಧೂಮಾಕ್ಷ ಕಿರುಚಿದ.

"ನೀನು ಯಾವತ್ತಾದರೂ ಆಡಿದ್ದೀಯಾ?" ರಾಣಿ ಕೇಳಿದಳು. "ಹಾಗಾದರೆ ಸುಮ್ಮನಿರು."

ಒಂದೇ ಕವಡೆ ಎತ್ತಿ ಹಾಕಿದಳು. ಅಂಗಾತ ಬಿತ್ತು.

"ಮೂರು!"

ಪಾದ ಅಲ್ಲೇ ನಿಂತಿತು. ಚೌಡಯ್ಯ ಅದರಡಿಯಿಂದ ಸರಿದು ಮೃಗದ ಮೈ ಹತ್ತಿದ. ಕಣ್ಣುಗಳ ಕೆಳಗೆ ಎರಡೂ ಕೈಯಿಂದ ಬಗೆದು ಬಾಯಿ ತೆಗೆದ. ನಲವತ್ತು ವರ್ಷದ ಮೇಲೂ ಒಳಗೆ ಮೆಂತ್ಯದ ವಾಸನೆ.

ಬಾಯಿ ಬಂದ ಕೂಡಲೇ ಮೃಗ ಕೇಳಿತು: "ಇಷ್ಟು ದಿನ ಎಲ್ಲಿಗೆ ಹೋಗಿದ್ದಿರಿ?"

ಚೌಡಯ್ಯ ಬಾಯಿಯ ಅಂಚನ್ನು ಅಂಗೈಯಿಂದ ಸವರಿ ನುಣುಪು ಮಾಡಿದ.

"ಅವನನ್ನು ತುಳಿ!" ಧೂಮಾಕ್ಷ ಕೂಗಿದ.

ಮೃಗ ಅವನತ್ತ ತಿರುಗಿತು. "ನೀನು ನನ್ನನ್ನು ಮಾಡಿದವನಲ್ಲ," ಎಂದು ಉಫ್ ಎಂದು ಊದಿತು. ಬೂದಿಯೆಲ್ಲ ಹಾರಿತು. ಬೂದಿಯ ಜೊತೆ ಧೂಮಾಕ್ಷನೂ ಹಾರಿ ಏಳು ಹೊಳೆಗಳ ಆಚೆ ಬಿದ್ದ. ಮತ್ತೆ ಬರಲಿಲ್ಲ. ಮೂರು ಮೃಗಗಳೂ ಅಂಗೈಯಗಲವಾಗಿ ದೂಳಿನಲ್ಲಿ ಬಿದ್ದಿದ್ದವು.

ರಾಣಿ ತಾನೇ ಇಳಿದು ಬಂದಳು. ಮುದ್ದೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು.

"ಮೂಗಿಲ್ಲವಲ್ಲೋ."

"ಮಾಡಬೇಕು."

"ಮೆಂತ್ಯ ನೆನೆಹಾಕುತ್ತೇನೆ. ನಾಳೆ ಬಾ."

"ಕಾವಲಿನವರು ಬಿಡುವುದಿಲ್ಲ."

"ಬಿಡುತ್ತಾರೆ."

ಬಿಟ್ಟರು. ತೊರೆನಾಡಿನವರು ಉಂಡುಟ್ಟು ನೂರು ಕಾಲ ಚೆನ್ನಾಗಿದ್ದರು. ಮೂಗು ಮಾತ್ರ ಸೊಟ್ಟಗಾಯಿತು. ಇಬ್ಬರೂ ನೋಡಿ ನಕ್ಕು, ಹಾಗೇ ಬಿಟ್ಟರು.