ಮೇಲಿನ ಗೂಡಿನ ಕರಟ

"ಮಾಯೀ! ಬ್ಯಾಳಿ ಕುದಿಯಾಕತ್ತೈತಿ. ಲಗೂ ಓಡಿಹೋಗಿ ಅರಿಷಿಣ ತಗೊಂಡ ಬಾ!"

ಹಂಡೆಯ ಮುಂದೆ ಕೂತಿದ್ದ ದುಂಡವ್ವಜ್ಜಿ ಕೂಗಿದಳು. ಹೊಗೆಗೆ ಅವಳ ಕಣ್ಣುಗಳು ಕೆಂಪಾಗಿದ್ದವು. ಮೊಮ್ಮಗಳು ಮಾಯಿ ಊಟದ ಮುತ್ತಲ ಎಲೆಗಳನ್ನು ಕಟ್ಟೆಯ ಮೇಲಿಟ್ಟು ಮನೆಗೆ ಓಡಿದಳು.

ಅಂದು ಗೋಕಾಕದ ಚಿತ್ರಗಾರರ ಓಣಿಯಲ್ಲಿ ಎಲ್ಲರಿಗೂ ಊಟ. ಮದುವೆಯೂ ಅಲ್ಲ, ಹಬ್ಬವೂ ಅಲ್ಲ. ಬೇಳೆ ಸಿಗುವುದೇ ಕಷ್ಟವಾಗಿದ್ದ ವರ್ಷ ಅದು. ಆದರೂ ಅಜ್ಜಿ ಮನೆಮನೆಯ ಬಾಗಿಲು ತಟ್ಟಿ, ಒಂದೊಂದು ಬೊಗಸೆ ಬೇಳೆ ಕೇಳಿ ತಂದಿದ್ದಳು. "ಒಂದ ಹಂಡೇದಾಗಿಂದ ಕೂಡಿ ಉಂಡ್ರ ಅಂಜಿಕಿ ಹೋಗ್ತೈತಿ" ಎಂಬುದು ಅವಳ ಹಟ. ಅಜ್ಜಿಯ ಹಟವೆಂದರೆ ಉಡದ ಪಟ್ಟು.

ಆ ಅಂಜಿಕೆ ಹುಟ್ಟಿದ್ದು ಹಿಂದಿನ ವರ್ಷ, ಊರಿಗೆಲ್ಲ ದೊಡ್ಡ ಜ್ವರ ಬಂದಾಗ. ಈ ಓಣಿಯವರು ಕಟ್ಟಿಗೆಯಲ್ಲಿ ಮಾವು, ಲಿಂಬಿ, ಬಾಳೆ ಮಾಡುತ್ತಾರೆ. ನೋಡಿದವರು ನಿಜವಾದ ಹಣ್ಣೆಂದು ಕಚ್ಚಲು ಹೋಗಬೇಕು, ಹಾಗಿರುತ್ತವೆ. ಆದರೆ ಒಂದು ಹಣ್ಣು ಒಂದೇ ಮನೆಯಲ್ಲಿ ಮುಗಿಯುವುದಿಲ್ಲ. ಲಗಮಪ್ಪ ಕಾಕಾ ಕೆತ್ತಬೇಕು. ಮಾಯಿಯ ಮನೆಯವರು ಬಣ್ಣ ಬಳಿಯಬೇಕು. ಅಕ್ಕವ್ವ ಅರಗು ಹಚ್ಚಿ ಹೊಳಪು ಕೊಡಬೇಕು. ಹಣ್ಣಿನ ಬುಟ್ಟಿ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತಿತ್ತು. ಜ್ವರ ಬಂದಾಗಲೂ ತಿರುಗಿತು.

ಮಾಯಿಯ ಅವ್ವ ಜ್ವರದಿಂದ ಮಲಗಿದ್ದಳು. ಆದರೂ ಅಪ್ಪ ರಾಜಪ್ಪ ಯಾರಿಗೂ ಒಂದು ಮಾತು ಹೇಳದೆ, ಹೊಸ ಹಣ್ಣು ತುಂಬಿಸಲು ಖಾಲಿ ಬುಟ್ಟಿಯನ್ನು ಲಗಮಪ್ಪನ ಮನೆಗೆ ಕಳಿಸಿದ. ಅವ್ವ ಸತ್ತಳು. ಅದೇ ವಾರ ಲಗಮಪ್ಪನ ಮಗಳು ಚನ್ನವ್ವನೂ ಸತ್ತಳು. ಸಾಲಿಯಲ್ಲಿ ಮಾಯಿಯ ಬಾಜೂ ಕೂತು ಅವಳ ಪೆನ್ಸಿಲ್ ಕದಿಯುತ್ತಿದ್ದ ಚನ್ನವ್ವ.

"ಮನ್ಯಾಗ ಜ್ವರ ಐತಿ ಅಂತ ಒಂದ ಮಾತ ಹೇಳಾಕ ಏನಾಗಿತ್ತೋ ನಿನಗ?" ಎಂದು ಲಗಮಪ್ಪ ನಡು ಓಣಿಯಲ್ಲಿ ನಿಂತು ಕೇಳಿದ್ದ.

ಅಂದಿನಿಂದ ಬುಟ್ಟಿ ನಿಂತಿತು. ಉಳಿಗೆ ತುಕ್ಕು ಹಿಡಿಯಿತು, ಕುಂಚಗಳು ಒಣಗಿದವು. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟಲಿಲ್ಲ.

ಮನೆಯ ಒಳಗೆ ಕತ್ತಲೆ. ಅವ್ವ ಇದ್ದಾಗ ಅಡುಗೆಯ ಸಾಮಾನು ಗೋಡೆಯ ಕೆಳಗಿನ ಗೂಡಿನಲ್ಲಿ, ಬಣ್ಣಗಳು ಮೇಲಿನ ಗೂಡಿನಲ್ಲಿ ಇರುತ್ತಿದ್ದವು. ಒಮ್ಮೆ ಮಾಯಿ ಒರಳು ಕಲ್ಲಿನ ಮೇಲೆ ಹತ್ತಿ ಮೇಲಿನ ಗೂಡಿಗೆ ಕೈ ಹಾಕಿದ್ದಳು. ಅವ್ವ ಓಡಿಬಂದು ಪಟಾರನೆ ಕೈಗೆ ಹೊಡೆದಿದ್ದಳು. ಮಾಯಿಗೆ ಬಹಳ ಸಿಟ್ಟು ಬಂದಿತ್ತು. ಅವ್ವ ಹೋದ ಮೇಲೆ ಅಪ್ಪ ಯಾವುದನ್ನೂ ನೋಡಲಾರದೆ ಎಲ್ಲವನ್ನೂ ಕೆಳಗಿನ ಗೂಡಿಗೇ ತುರುಕಿದ್ದ.

ಮಾಯಿಯ ಕೈಗೆ ಒಂದು ಕರಟ ಸಿಕ್ಕಿತು. ಅದರ ತುಂಬ ಹಳದಿ ಪುಡಿ ಇತ್ತು. ಅವಳು ಅದನ್ನೇ ಎತ್ತಿಕೊಂಡು ಓಡಿದಳು.

"ಎಷ್ಟ ಹಾಕ್ಲಿ ಅಜ್ಜಿ?"

"ಎಲ್ಲಾ ಹಾಕವಾ. ಓಣಿಗೆಲ್ಲಾ ಆಗಬೇಕ" ಎಂದು ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾಯಿ ಕರಟವನ್ನು ಹಂಡೆಗೆ ಬೋರಲು ಹಾಕಿದಳು.

ಒಬ್ಬೊಬ್ಬರಾಗಿ ಜನ ಬಂದರು. ದೂರ ದೂರ ಕೂತರು. ಅಕ್ಕವ್ವ ತನ್ನ ಮಕ್ಕಳನ್ನು ಮಗ್ಗುಲಿಗೆ ಒತ್ತಿಕೊಂಡು ಕೂತಳು. ಎಲ್ಲರಿಗಿಂತ ಕೊನೆಗೆ ಲಗಮಪ್ಪ ಬಂದ. ಅಪ್ಪ ಅವನ ಎಲೆಯ ಮೇಲೆ ರೊಟ್ಟಿ ಇಟ್ಟ. ಲಗಮಪ್ಪ ಎಲೆಯನ್ನು ಸರಿಸಲಿಲ್ಲ. ಅಜ್ಜಿ ಬೇಳೆ ಬಡಿಸತೊಡಗಿದಳು.

"ನೀನ ಮೊದಲ ತುತ್ತ ಎತ್ತಪಾ ಲಗಮಪ್ಪಾ" ಎಂದಳು.

ಚಟ್ನಿ ಬಡಿಸಬೇಕೆಂದು ಮಾಯಿ ಅಗಲವಾದ ಪರಾತದ ನೀರಿನಲ್ಲಿ ಕೈ ತೊಳೆದಳು. ಪುಡಿ ಹತ್ತಿದ್ದ ಕೈ ಪೂರ್ತಿ ಸ್ವಚ್ಛವಾಯಿತು. ಅವಳು ಅಂಗೈ ತಿರುಗಿಸಿ ನೋಡಿದಳು. ಅರಿಷಿಣ ಹತ್ತಿದರೆ ಎಷ್ಟು ತಿಕ್ಕಿದರೂ ಕೈ ಹಳದಿಯೇ ಇರುತ್ತದೆ. ಮೂಸಿದಳು. ವಾಸನೆಯೂ ಇಲ್ಲ. ಪರಾತದ ತಳದಲ್ಲಿ ಬಂಗಾರದಂಥ ಚೂರುಗಳು ಮಿಣಮಿಣ ಹೊಳೆಯುತ್ತಿದ್ದವು.

ಹರತಾಳ! ಅವ್ವ ಮಾವಿನ ಹಣ್ಣಿಗೆ ಬಳಿಯುತ್ತಿದ್ದ ಬಣ್ಣ. "ಇದು ವಿಷ ಐತಿ, ನಾಲಿಗಿಗೆ ಹತ್ತಿದ್ರ ಸತ್ತೀ" ಎನ್ನುತ್ತಿದ್ದ ಬಣ್ಣ.

ಹೇಳಿದರೆ ಏನಾಗುತ್ತದೆ? 'ಮತ್ತೆ ಅದೇ ಮನೆ' ಎನ್ನುತ್ತಾರೆ. ಅಪ್ಪ ಇನ್ನು ಯಾರಿಗೂ ಮುಖ ತೋರಿಸಲಾರ. ಇಷ್ಟು ದೊಡ್ಡ ಹಂಡೆಯಲ್ಲಿ ಒಂದು ಕರಟ ಯಾವ ಲೆಕ್ಕ? ಏನೂ ಆಗಲಿಕ್ಕಿಲ್ಲ.

ಲಗಮಪ್ಪ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದ. ತುತ್ತು ಎತ್ತಿದ.

"ಕಾಕಾ, ಉಣಬ್ಯಾಡ್ರಿ!" ಮಾಯಿ ಚೀರಿದಳು. "ಯಾರೂ ಉಣಬ್ಯಾಡ್ರಿ! ಬ್ಯಾಳ್ಯಾಗ ಹರತಾಳ ಐತಿ. ನಾನ ಹಾಕೇನಿ. ಅರಿಷಿಣ ಅಂತ ತಿಳಕೊಂಡ ಹಾಕೇನಿ!"

ಲಗಮಪ್ಪನ ಕೈಯಿಂದ ತುತ್ತು ಕೆಳಗೆ ಬಿತ್ತು.

"ನಾ ಹೇಳಿರಲಿಲ್ಲೇನು?" ಅಕ್ಕವ್ವ ಮಕ್ಕಳನ್ನು ಎಳೆದುಕೊಂಡು ಎದ್ದಳು. "ಆ ಮನಿ ಗಾಳಿನೂ ಬ್ಯಾಡ ಅಂತ ಬಡಕೊಂಡೆ. ಇವತ್ತ ಎಲ್ಲಾರೂ ಸಾಯತಿದ್ವಿ!" ಅವಳ ಹಿಂದೆ ಉಳಿದವರೂ ಎದ್ದರು. ಎಲೆಗಳು ಹಾಗೇ ಉಳಿದವು.

ಅಪ್ಪ ಮಾಯಿಯ ಮೇಲೆ ಕೈ ಎತ್ತಿದ. ಲಗಮಪ್ಪ ಆ ಕೈ ಹಿಡಿದ.

"ಹೊಡಿಬ್ಯಾಡ. ಅಕಿ ಹೇಳಿದಳು."

ಅಷ್ಟೇ ಅಂದು, ಮೂಲೆಗೆ ಹೋಗಿ ಕೈಯನ್ನು ಮತ್ತೆ ಮತ್ತೆ ತೊಳೆದುಕೊಂಡು ಅವನೂ ಹೊರಟುಹೋದ.

ಅಪ್ಪ ಊರ ಹೊರಗೆ ಆಳವಾದ ತಗ್ಗು ತೋಡಿದ. ನಾಯಿಗಳೂ ಮುಟ್ಟಬಾರದೆಂದು ಬೇಳೆಯನ್ನೆಲ್ಲ ಅದಕ್ಕೆ ಸುರಿದು ಮಣ್ಣು ಮುಚ್ಚಿದ. ಎಲ್ಲ ಮನೆಗಳ ಬೊಗಸೆ ಬೊಗಸೆ ಬೇಳೆ ಮಣ್ಣುಪಾಲಾಯಿತು. ಅಜ್ಜಿ ಖಾಲಿ ಹಂಡೆಯ ಪಕ್ಕ ಕೂತು ಸದ್ದಿಲ್ಲದೆ ಅತ್ತಳು. ಅಂದು ಓಣಿಯಲ್ಲಿ ಯಾರ ಹೊಟ್ಟೆಯೂ ತುಂಬಲಿಲ್ಲ.

ಮರುದಿನ ಬೆಳಿಗ್ಗೆ ಮಾಯಿ ಬಾಗಿಲು ತೆಗೆದಳು. ಹೊಸ್ತಿಲ ಹೊರಗೆ ಬುಟ್ಟಿ ಇತ್ತು. ಜ್ವರದ ವರ್ಷ ಅಪ್ಪ ಲಗಮಪ್ಪನ ಮನೆಗೆ ಕಳಿಸಿದ್ದ ಅದೇ ಬುಟ್ಟಿ. ಒಳಗೆ ಹೊಸದಾಗಿ ಕೆತ್ತಿದ ಮಾವಿನ ಹಣ್ಣುಗಳಿದ್ದವು, ಬಣ್ಣವಿಲ್ಲದ ಬಿಳಿ ಕಟ್ಟಿಗೆಯವು. ಓಣಿಯಲ್ಲಿ ಯಾರೂ ಇರಲಿಲ್ಲ.

ಅಪ್ಪ ಬುಟ್ಟಿಯ ಮುಂದೆ ಕೂತ. ಒಂದು ಮಾವು ಕೈಗೆತ್ತಿಕೊಂಡು ಕಣ್ಣೊರೆಸಿಕೊಂಡ.

"ಹಳದಿ ಎಲ್ಲಾ ಹೋತಲ್ಲ ಅಪ್ಪಾ" ಎಂದಳು ಮಾಯಿ.

"ಹಸರ ಐತಿ. ಕಾಯಿ ಮಾಡೂಣು."

ಬಣ್ಣ ಒಣಗಿದ ಮೇಲೆ ಬುಟ್ಟಿ ಅಕ್ಕವ್ವನ ಮನೆಗೆ ಹೋಗಬೇಕು. ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಅಪ್ಪನಿಗೂ ಗೊತ್ತಿರಲಿಲ್ಲ.

ಅಪ್ಪ ಕುಂಚ ನೆನೆಸುವಷ್ಟರಲ್ಲಿ ಮಾಯಿ ಒರಳು ಕಲ್ಲಿನ ಮೇಲೆ ಹತ್ತಿದಳು. ಕೆಂಪು, ನೀಲಿ, ಬಿಳಿ ಬಣ್ಣದ ಕರಟಗಳನ್ನು ಒಂದೊಂದಾಗಿ ಮೇಲಿನ ಗೂಡಿಗೆ ಸೇರಿಸಿದಳು. ಖಾಲಿಯಾದ ಹಳದಿ ಕರಟವನ್ನೂ ಅಲ್ಲೇ ಬೋರಲು ಇಟ್ಟಳು. ಆಮೇಲೆ ಅವ್ವ ಹೊಡೆದಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಳು. ಅವ್ವ ಬಂದು ಇನ್ನೊಮ್ಮೆ ಹೊಡೆಯಲಿ ಅನ್ನಿಸಿತು.