ಮೊಳೆಗೆ ನೇತುಹಾಕಿದ ಷರ್ಟು

ಮಾನ ಹೋಗಲು ಮೂವತ್ತು ಸೆಕೆಂಡು ಸಾಕು. ತನುಜಳ ಮಾನವಂತೂ ಮಂಗಳವಾರ ಬೆಳಿಗ್ಗೆ, ಬಾಯಲ್ಲಿ ಪೇಸ್ಟಿನ ನೊರೆ ಇರುವಾಗಲೇ, ತಂಗಿಯ ಫೋನಿನಲ್ಲಿ ಹೊರಟು ನಿಂತಿತ್ತು.

ನಾಲ್ಕು ತಿಂಗಳ ಹಿಂದೆ ಬ್ರಿಟನ್ನಿನ ಟಿವಿಯವರು ಸಾದಲಿಗೆ ಬಂದು, ಅವಳ ಹುಳದ ಮನೆಯಲ್ಲಿ ಆರು ದಿನ ಶೂಟಿಂಗ್ ಮಾಡಿಕೊಂಡು ಹೋಗಿದ್ದರು. ಮೈಮೇಲಿನ ಬಟ್ಟೆ ಎಲ್ಲಿಂದ ಬರುತ್ತದೆ ಎಂದು ಅಲ್ಲಿನ ಜನಕ್ಕೆ ತೋರಿಸುವ ಡಾಕ್ಯುಮೆಂಟರಿ. ಹತ್ತಿಗೊಂದು ಕಂತು, ಉಣ್ಣೆಗೊಂದು, ರೇಷ್ಮೆಗೊಂದು. ರೇಷ್ಮೆಯದು ಬರುವ ಭಾನುವಾರ. ಅದರ ಮೂವತ್ತು ಸೆಕೆಂಡಿನ ಟ್ರೈಲರನ್ನು ಡೈರೆಕ್ಟರ್ ಹೆಲೆನ್ ವಾಟ್ಸಾಪಿನಲ್ಲಿ ಕಳಿಸಿದ್ದಳು.

"ಅಕ್ಕ, ನಮ್ಮಪ್ಪನ್ ಷರ್ಟು!" ತಂಗಿ ಲಾವಣ್ಯ ಕೂಗಿದಳು. "ಮೊಳೇಲಿ ನೇತಾಡ್ತಿದ್ದ ಷರ್ಟು ಲಂಡನ್ನಿಗೆ ಹೋಗ್ಬಿಡ್ತು ಕಣೇ. ಕಾಲರ್ ಹತ್ರ ಅದೇನು ಕರ್ರಗೆ? ಜಿರಳೇನಾ?"

ಜಿರಳೆಯಲ್ಲ. ಮೈಕು.

ತನುಜ ನೊರೆ ಉಗಿಯುವುದನ್ನೂ ಮರೆತಳು.

ಹುಳದ ಮನೆಗೆ ಅದರದೇ ಮಡಿಯಿದೆ. ಚಪ್ಪಲಿ ಹೊರಗೆ ಬಿಡಬೇಕು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲದ್ದಬೇಕು, ಒಳಗೆ ತೊಟ್ಟ ಬಟ್ಟೆ ಹೊಸ್ತಿಲು ದಾಟಕೂಡದು. ರೋಗ ಹೊಕ್ಕರೆ ಇಡೀ ಬೆಳೆ ತಿಪ್ಪೆಗೆ. ಅದಕ್ಕೆಂದೇ ಅಪ್ಪ ಕೋನಪ್ಪನ ಹಳೆಯ ಷರ್ಟೊಂದು ಬಾಗಿಲ ಒಳಗಿನ ಮೊಳೆಯಲ್ಲಿ ಸದಾ ತೂಗುತ್ತಿರುತ್ತದೆ. ತನುಜ ಒಳಗೆ ಹೋಗುವಾಗ ಚೂಡಿದಾರದ ಮೇಲೆ ಅದನ್ನು ತೊಡುವುದು, ಬರುವಾಗ ಬಿಚ್ಚಿ ಮೊಳೆಗೆ ಹಾಕುವುದು. ಆರು ವರ್ಷದ ರೂಢಿ. ಕೈಗೆ ಗೊತ್ತು, ತಲೆಗೆ ಬೇಕಿಲ್ಲ.

ಶೂಟಿಂಗಿನ ಕೊನೆಯ ಮಧ್ಯಾಹ್ನವೂ ಹಾಗೇ ಬಿಚ್ಚಿ ಹಾಕಿದ್ದಳು. ಕಾಲರಿನಲ್ಲಿ ಮೈಕು, ಜೇಬಿನಲ್ಲಿ ಅದರ ಡಬ್ಬಿ, ಎರಡರ ನೆನಪೂ ಇಲ್ಲದೆ. ಷರ್ಟು ಬಿಚ್ಚಿದರೆ ಕೆಲಸ ಮುಗಿಯಿತು ಎಂದಷ್ಟೇ ಅವಳ ಲೆಕ್ಕ. ಆಮೇಲೆ ಅದರ ಕೆಳಗೇ, ಹೊಸ್ತಿಲ ಮೇಲೆ, ಸೋದರತ್ತೆ ಮುನಿಗಂಗಮ್ಮನ ಜೊತೆ ಕಾಲು ಗಂಟೆ ಕೂತು ಬಾಯಿ ಬಿಟ್ಟಿದ್ದಳು.

"ಅತ್ತೆ, ಆ ಹೆಡ್‌ಫೋನ್ ಆಸಾಮಿ ಮೀಸೆ ನೋಡಿದ್ಯಾ? ಸೊಪ್ಪಿಲ್ದೆ ಸೊರಗಿರೋ ಎರಡು ಹುಳ ಮೂಗಿನ್ ಕೆಳ್ಗೆ ಮಲ್ಗಿದ್ದಂಗಿದೆ."

"ಏಮೇ, ಮೀಸೆ ತನ್ಕ ನೋಡಿದೀಯ ಅಂದ್ರೆ ಇನ್ನೂ ಏನೇನೋ ನೋಡಿರ್ತೀಯ. ವಾಡು ನೀಕು ನಚ್ಚಿನಾಡಾ? ಇಷ್ಟ ಆಗಿದ್ದಾನಾ, ಬೊಗಳು."

"ಆಗಿದ್ದಾನೆ. ಏನೀಗ? ಕಟ್ಕೊಂಡ್ರೆ ಅವ್ನನ್ನೇ. ಅವ್ನಾಗಿ ಕೇಳ್ದಿದ್ರೆ ತೊಂಡೇಬಾವಿಗೆ ಹೋಗಿ ನಾನೇ ಕೇಳ್ತೀನಿ."

ಈ ಮಾತು ಈಗ ಟಿವಿಯಲ್ಲಿ ಬರುತ್ತದೆ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಹಾಕುತ್ತಾರೆ. ಸಾಲದ್ದಕ್ಕೆ ಸ್ಕೂಲಿನ ಪದ್ಮಶ್ರೀ ಮೇಡಮ್ಮು ಸೋಮವಾರ ಪ್ರೊಜೆಕ್ಟರ್ ಹಾಕಿ ಊರಿಗೆಲ್ಲ ತೋರಿಸುವುದಾಗಿ ಡಂಗುರ ಸಾರಿಯಾಗಿದೆ. ಮುಂದಿನ ಸಾಲಿನ ಕುರ್ಚಿ ಅಪ್ಪನಿಗೆ.

ಅದಕ್ಕಿಂತ ಚುಚ್ಚಿದ್ದು ಇನ್ನೊಂದು. ಆ ಹೊತ್ತು ಆ ಹೆಡ್‌ಫೋನ್ ಇದ್ದದ್ದು ಅದೇ ಮೀಸೆಯವನ, ಶೂಟಿಂಗಿಗೆ ಸೌಂಡ್ ಹಿಡಿಯಲು ಬಂದಿದ್ದ ತೊಂಡೇಬಾವಿಯ ಗಂಗರಾಜುವಿನ ಕಿವಿಯಲ್ಲಿ. ಅಂದರೆ ಅಷ್ಟೂ ಕೇಳಿಸಿಕೊಂಡಿದ್ದಾನೆ. ಕೇಳಿಸಿಕೊಂಡೂ ನಾಲ್ಕು ತಿಂಗಳು ಒಂದು ಫೋನಿಲ್ಲ.

ಎಂಟು ಗಂಟೆಗೆ ಅವಳು ಬಸ್ಸಿನಲ್ಲಿದ್ದಳು.

ತೊಂಡೇಬಾವಿಗೆ ಮೂರು ಬಸ್ಸು ಬದಲಾಯಿಸಬೇಕು. ಕೋಪ ಮಾಡಿಕೊಳ್ಳುವವರಿಗೆ ಅದು ಬಲು ದೂರ; ದಾರಿಯಲ್ಲಿ ನೆನಪುಗಳು ಹತ್ತಿಕೊಳ್ಳುತ್ತವೆ.

ಮೊದಲ ದಿನ ಆ ಮನುಷ್ಯ ಮೈಕು ಕೊಟ್ಟು, ಗೋಡೆಗೆ ಮುಖ ಮಾಡಿ ನಿಂತು, ತನ್ನದೇ ಕಾಲರು ಹಿಡಿದು ಸಿಕ್ಕಿಸಿಕೊಳ್ಳುವುದು ಹೇಗೆಂದು ತೋರಿಸಿದ್ದ. ಅವನ ಕಿವಿ ಕೆಂಪಾದದ್ದು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

"ಬೆಳಿಗ್ಗೆ ಏನ್ ತಿಂದ್ರಿ?" ಎಂದ.

"ಯಾಕೆ, ನಿಮ್ಗೂ ಬೇಕಾ?"

"ಅಯ್ಯೋ, ಅಲ್ಲ. ನಿಮ್ ದನಿ ಲೆವೆಲ್ ನೋಡ್ಬೇಕು. ಎಲ್ರನ್ನೂ ಇದೇ ಕೇಳ್ತೀವಿ."

"ಮುದ್ದೆ, ಬಸ್ಸಾರು."

"ಇನ್ನೊಂಚೂರು ಹೇಳಿ."

"ಇನ್ನೊಂಚೂರು ತಿಂದಿಲ್ಲ."

ಎರಡನೇ ದಿನ ಅವಳು ಅಕ್ಕಿರೊಟ್ಟಿ ಮಾಡಿದಳು. ಮೂರನೇ ದಿನ ಒಬ್ಬಟ್ಟು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಇದೇನೇ ಎಂದು ಅಮ್ಮ ಕೇಳಿದರೆ ಬ್ರಿಟನ್ನಿನವರಿಗೆ ಎಂದಳು. ಬ್ರಿಟನ್ನಿನವರು ಬಿಸ್ಕತ್ತು ತಿಂದುಕೊಂಡಿದ್ದರು. ಒಬ್ಬಟ್ಟು ತಿಂದವನು ಗಂಗರಾಜು.

ಆ ಜನದ ಕೆಲಸವೇ ವಿಚಿತ್ರ. ನಟಿಸಬೇಡಿ, ದಿನಾ ಮಾಡುವಂತೆಯೇ ಮಾಡಿ ಎನ್ನುವುದು. ಆಮೇಲೆ ಅದೇ ಬಾಗಿಲಿಗೆ ಐದು ಸಲ ಬಂದುಹೋಗಲು ಹೇಳುವುದು. ಹೆಲೆನ್ ಸೆಂಟು ಹಾಕಿಕೊಂಡು ಬಂದ ದಿನ ಹುಳಕ್ಕೆ ಆ ವಾಸನೆ ಆಗದೆಂದು ತನುಜ ಅವಳನ್ನು ಹೊಸ್ತಿಲಲ್ಲೇ ತಡೆದು ಸೋಪು, ಬಕೆಟ್ಟು ಕೊಟ್ಟಿದ್ದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ಗಂಗರಾಜು ನಗು ನುಂಗಿದ. ಅವಳತ್ತ ನೋಡಿದ. ಅವಳೂ ನುಂಗಿದಳು.

ಐದನೇ ದಿನ ಹುಳಗಳು ನಾಲ್ಕನೇ ಜ್ವರದಿಂದ ಎದ್ದವು. ಸಾದಲಿಯವರು ಹುಳ ಪೊರೆ ಬಿಡುವುದಕ್ಕೆ ಜ್ವರವೆಂದೇ ಹೇಳುವುದು; ಆಗ ಅವು ತಲೆಯೆತ್ತಿ ಸುಮ್ಮನೆ ಕೂತಿರುತ್ತವೆ, ಎದ್ದ ಮೇಲೆ ಬಕಾಸುರನ ವಂಶ. ಹೊಸ ಸೊಪ್ಪು ಹರಡಿದಾಗ ಗಂಗರಾಜು ತಟ್ಟೆಯ ಮೇಲೆ ಮೈಕು ಹಿಡಿದು ಕಣ್ಣು ಮುಚ್ಚಿದ. ಎಷ್ಟೋ ಹೊತ್ತು. ಆಮೇಲೆ ತನ್ನ ಹೆಡ್‌ಫೋನ್ ತೆಗೆದು ಅವಳ ಕಿವಿಗಿಟ್ಟ.

ಆರು ವರ್ಷದಿಂದ ಕೇಳುತ್ತಿದ್ದ ಸದ್ದು. ಆದರೆ ಹೀಗೆ, ಇಷ್ಟು ಹತ್ತಿರ, ಇಷ್ಟು ದೊಡ್ಡದಾಗಿ! ಸಾವಿರ ಸಾವಿರ ಪುಟ್ಟ ಬಾಯಿಗಳು ಕುಸುಕುಸು ಮೇಯುವುದು ತಗಡಿನ ಮೇಲೆ ತುಂತುರು ಹನಿದಂತಿತ್ತು. ಹೆಡ್‌ಫೋನು ಅವನ ಕಿವಿಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಅವಳು ಕಣ್ಣೆತ್ತಿದಾಗ ಅವನು ಹುಳ ನೋಡುತ್ತಿರಲಿಲ್ಲ.

ಮಾರನೇ ದಿನ ಅದೇ ಮನುಷ್ಯ ಅವಳನ್ನು ಕೇಳದೆ ಯಾವಾಗಲೋ ತಾನೇ ಷರ್ಟಿನಿಂದ ಮೈಕು ಬಿಚ್ಚಿ ಮೂಟೆ ಕಟ್ಟಿಕೊಂಡು, "ಬರ್ತೀನಿ ಮೇಡಮ್" ಎಂದು ಕಂಬಕ್ಕೆ ಹೇಳಿ ಜೀಪು ಹತ್ತಿದ್ದ. ಐದು ದಿನ ತನುಜ ಅವರೇ ಎಂದವನ ಬಾಯಲ್ಲಿ ಮೇಡಮ್ಮು!

ತೊಂಡೇಬಾವಿಯಲ್ಲಿ ಇಳಿದಾಗ ಹನ್ನೊಂದೂವರೆ. ಸೌಂಡಿನ ಗಂಗರಾಜು ಎಂದರೆ ಎಲ್ಲರಿಗೂ ಗೊತ್ತು. ಇಂಥ ಶೂಟಿಂಗ್ ಇಲ್ಲದ ದಿನ ಮದುವೆ ಮನೆಗಳ ಮೈಕ್ ಸೆಟ್ಟೂ ಅವನದೇ. ಬಾಗಿಲು ತೆರೆದದ್ದು ಅವನ ತಾಯಿ ಅನಸೂಯಮ್ಮ.

"ಯಾವ್ ಕಡೆಯೋಳಮ್ಮ?"

"ಸಾದಲಿ. ನಿಮ್ ಮಗನ್ನ ಒಂದ್ ಮಾತು ಕೇಳ್ಬೇಕಿತ್ತು."

ಅನಸೂಯಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಸಾದಲೀನಾ! ಒಳ್ಳೇದಾಯ್ತು ಬಾ. ನಾನೂ ಒಂದ್ ಮಾತು ಕೇಳ್ಬೇಕಿತ್ತು. ನಿಮ್ಮೂರಿಂದ ಬಂದಿದ್ದೇ ನನ್ ಮಗ ಮೀಸೆ ಬೋಳಿಸ್ಬಿಟ್ಟ ಕಣಮ್ಮ. ಕಾಲೇಜಿಂದ ಸಾಕಿದ್ ಮೀಸೆ. ಕೇಳಿದ್ರೆ ಮಾತಿಲ್ಲ, ಕತೆಯಿಲ್ಲ. ನಿಮ್ಮೂರಲ್ಲಿ ಯಾರೇನಂದ್ರು ಅವ್ನಿಗೆ?"

ತನುಜಳ ಕೋಪ ಒಂದು ಹೆಜ್ಜೆ ಎಡವಿತು.

ಒಳಗಿನ ಕೋಣೆಯಿಂದ ಗಂಗರಾಜು ಬಂದ. ಕೈಯಲ್ಲಿ ವೈರಿನ ಸುರುಳಿ. ಮೂಗಿನ ಕೆಳಗೆ ಬರೀ ಬಯಲು. ಹತ್ತು ವರ್ಷ ಚಿಕ್ಕವನಾಗಿ, ಏನೋ ಕಳೆದುಕೊಂಡವನ ಹಾಗೆ ಕಂಡ.

"ನೀವಾ?"

"ನಾನೇ. ಅವತ್ತು ನಾನು ಅತ್ತೆ ಹತ್ರ ಆಡಿದ್ದು ನಿಮ್ ಕಿವಿಗೆ ಬಿತ್ತೋ ಇಲ್ವೋ?"

ಅವನು ತಲೆ ತಗ್ಗಿಸಿದ. "ಬಿತ್ತು."

"ಟಿವೀಲಿ ಹಾಕ್ತಾರಾ?"

"ಇಲ್ಲ. ರೆಕಾರ್ಡೇ ಆಗಿಲ್ಲ. ಮೈಕ್ ಮರ್ತು ಮಾತಾಡ್ತಿದೀರ ಅಂತ ಗೊತ್ತಾಗಿದ್ದೇ ನಿಮ್ ಟ್ರ್ಯಾಕ್ ಆಫ್ ಮಾಡ್ದೆ. ಆವಾಗಿನ್ನೂ ರೆಕಾರ್ಡಿನ ಬಟನ್ ಒತ್ತಿರ್ಲಿಲ್ಲ. ನಮ್ ಕೆಲ್ಸದಲ್ಲಿ ಅದೊಂದು ನೇಮ ಕಣ್ರಿ. ಗೊತ್ತಿಲ್ದೆ ಆಡಿದ್ದು ಆಡಿದೋರ್ದು, ನಮ್ದಲ್ಲ."

ತನುಜ ಹತ್ತಿರದ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಅಪ್ಪನ ಮುಂದಿನ ಸಾಲು, ಇಂಗ್ಲಿಷ್ ಅಕ್ಷರ, ಊರಿನ ಕಣ್ಣು, ಎಲ್ಲ ಕರಗಿಹೋಯಿತು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಎಲ್ಲಿವರ್ಗೂ ಕೇಳಿದ್ರಿ?"

"ಹುಳ ಮಲ್ಗಿರೋವರ್ಗೂ." ಅವನು ಬೋಳು ತುಟಿ ಮುಟ್ಟಿಕೊಂಡ. "ಕದ್ದು ಕೇಳಿದ್ದು ನನ್ ತಪ್ಪು. ಫೋನ್ ಮಾಡಿ ಏನಂತ ಹೇಳ್ಲಿ? ಅದೂ ಅಲ್ದೆ ನನ್ ಮುಖ ನೋಡಿ ನಗೋರಿಗೆ..."

"ಅಷ್ಟೇನಾ? ಆಮೇಲಿಂದು?"

"ಆಮೇಲೆ ಏನಿತ್ತು?"

ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ನಿಜಕ್ಕೂ ಗೊತ್ತಿಲ್ಲ. ಪಾಪ, ಬೈಗುಳದ ಚೂರು ಹಿಡಿದುಕೊಂಡು ನಾಲ್ಕು ತಿಂಗಳು ಕಳೆದಿದ್ದಾನೆ. ಬೆಲ್ಲದ ಭಾಗ ಅವನ ಕಿವಿಗೆ ಬಿದ್ದೇ ಇಲ್ಲ.

ಈಗ ಎದ್ದು ಹೋದರೂ ಆಗುತ್ತಿತ್ತು. ಅವಳು ಬಂದ ಕೆಲಸ ಮುಗಿದಿತ್ತು. ಗುಟ್ಟು ಗುಟ್ಟಾಗಿಯೇ ಉಳಿದಿತ್ತು. ರಸ್ತೆಯಲ್ಲಿ ಬಸ್ಸೊಂದು ಹಾರನ್ ಕೂಡ ಹೊಡೆಯಿತು.

"ಆ ಮೈಕ್ ಇದ್ಯಾ?" ಎಂದಳು.

"ಇದೆ. ಯಾಕೆ?"

"ತನ್ನಿ. ಮಿಕ್ಕಿದ್ದನ್ನ ಗೊತ್ತಿದ್ದೇ ಹೇಳ್ತೀನಿ. ಆಮೇಲೆ ಕದ್ದು ಕೇಳಿದ್ದು ಅಂತ ಒದ್ದಾಡೋದು ಬೇಡ."

ಅವನು ತಂದುಕೊಟ್ಟು, ಹೆಡ್‌ಫೋನ್ ಹಾಕಿಕೊಂಡು, ಅಭ್ಯಾಸಬಲದಿಂದ ಗೋಡೆಗೆ ತಿರುಗಿದ.

"ಈಕಡೆ ತಿರುಗ್ರಿ. ಗೋಡೆಗ್ ಹೇಳಕ್ಕೆ ಮೂರು ಬಸ್ ಹತ್ತಿ ಬಂದಿಲ್ಲ ನಾನು."

ತಿರುಗಿದ. ಕಿವಿ ಎರಡೂ ಕೆಂಪು. ಗಂಟಲು ಸರಿಮಾಡಿಕೊಂಡು ಕೇಳಿದ, "ಬೆಳಿಗ್ಗೆ... ಏನ್ ತಿಂದ್ರಿ?"

"ಏನೂ ತಿಂದಿಲ್ಲ. ನಿಮ್ಗೆ ಉಗೀಬೇಕು ಅಂತ ಹಂಗೇ ಬಂದೆ. ಮೀಸೆ ಬಗ್ಗೆ ಅಂದಿದ್ದು ನಿಜ. ಆಮೇಲೆ ಅಂದಿದ್ದು ಅದಕ್ಕಿಂತ ನಿಜ. ಕಟ್ಕೊಂಡ್ರೆ ನಿಮ್ಮನ್ನೇ ಅಂದೆ. ನೀವು ಕೇಳ್ದಿದ್ರೆ ತೊಂಡೇಬಾವಿಗೆ ಬಂದು ನಾನೇ ಕೇಳ್ತೀನಿ ಅಂದೆ. ಬಂದಿದೀನಿ. ಕೇಳ್ತಿದೀನಿ. ಲೆವೆಲ್ ಸರಿ ಇದ್ಯಾ?"

ಅವನು ಅವಳನ್ನು ನೋಡುತ್ತಲೇ ಇದ್ದ. ಹುಳದ ಮನೆಯಲ್ಲಿ ಆ ದಿನ ನೋಡಿದನಲ್ಲ, ಅದೇ ನೋಟ.

"ಇನ್ನೊಂದ್ಸಲ ಹೇಳಿ," ಎಂದ ಮೆಲ್ಲಗೆ. "ಹೆಲೆನ್ ಮೇಡಮ್ ಆದ್ರೆ ಐದು ಸಲ ಹೇಳಿಸ್ತಾರೆ."

"ನಂಗ್ ಒಂದೇ ಸಲಕ್ಕೆ ಕೇಳಿಸ್ತು ಕಣೋ," ಅಡುಗೆ ಮನೆಯಿಂದ ಅನಸೂಯಮ್ಮನ ದನಿ. "ಹುಡ್ಗಿ ಹಸ್ಕೊಂಡಿದೆ. ಹ್ಞೂ ಅಂದ್ಬಿಟ್ಟು ಕೈ ತೊಳ್ಕೊಂಡು ಬರ್ರಿ ಇಬ್ರೂ."

ಅವನು ಹ್ಞೂ ಅಂದ. ಹೆಡ್‌ಫೋನ್ ತೆಗೆದು, ಇನ್ನೊಂದು ಸಲವೂ ಅಂದ.

ಸೋಮವಾರ ಸಂಜೆ ಸಾದಲಿಯ ಸ್ಕೂಲಿನ ಹಾಲ್ ತುಂಬಿತ್ತು. ಆರು ದಿನದ ಶೂಟಿಂಗಿಗೆ ತನುಜ ಪರದೆಯ ಮೇಲೆ ಇದ್ದದ್ದು ಮೂರೇ ನಿಮಿಷ. ಷರ್ಟು ಮೊಳೆಯಲ್ಲಿ ತೂಗಿತು. ಕೋನಪ್ಪ ಮೀಸೆ ತಿರುವಿದ. ಷರ್ಟಿನ ಹಿಂದೆ ಒಂದೇ ಒಂದು ಮಾತಿಲ್ಲ. ಕುಸುಕುಸು ಎಂದು ಹುಳ ಮೇಯುವ ಸದ್ದು ಮಾತ್ರ. ಅಲ್ಲಿಯವರೆಗೆ ಎಡೆಬಿಡದೆ ವಿವರಿಸುತ್ತಿದ್ದ ಬ್ರಿಟನ್ನಿನ ದನಿ ಕೂಡ ಬಾಯಿ ಮುಚ್ಚಿತು. ಊರಿಗೆ ಊರೇ ಕಿವಿಗೊಟ್ಟಿತು.

ಕೋನಪ್ಪನ ಪಕ್ಕದ ಕುರ್ಚಿಯಲ್ಲಿ, ತಾಯಿಯನ್ನು ಕರೆದುಕೊಂಡು ಮಾತುಕತೆಗೆ ಬಂದಿದ್ದ ಗಂಗರಾಜು. ಪರದೆಯ ಬೆಳಕು ಅವನ ಮುಖದ ಮೇಲೆ ಬಿದ್ದಾಗ ಹಿಂದಿನ ಸಾಲಿನಿಂದ ಮುನಿಗಂಗಮ್ಮ ಬಗ್ಗಿ, ಅವನ ಮೂಗಿನ ಕೆಳಗಿನ ಆರು ದಿನದ ಕಪ್ಪನ್ನು ನೋಡಿ, ಊರಿಗೆಲ್ಲ ಕೇಳುವಂತೆ ಅಂದಳು:

"ಏಮಪ್ಪಾ, ಹುಳ ಜ್ವರದಿಂದ ಎದ್ದಂಗಿದೆ?"

ತನುಜ ಮುಖ ಮುಚ್ಚಿಕೊಂಡಳು. ಈ ಸಲ ಯಾವ ಮೈಕೂ ಬೇಕಿರಲಿಲ್ಲ.