ಮಟಮಾರಿ ಹಳಿಯ ಮಣ್ಣು

2025ರ ಜನವರಿ 12, ಬೆಳಿಗ್ಗೆ 10:20. ರೊಟ್ಟಿ ಹಂಚಿನ ಮೇಲೆ ನಾನು ಮಣ್ಣು ಹುರಿಯುತ್ತಿದ್ದೆ. ನಮ್ಮಪ್ಪ ಸೂಗಪ್ಪ ಮಟಮಾರಿ ಸ್ಟೇಷನ್ನಿನಲ್ಲಿ ಹಳಿ ದುರಸ್ತಿಯ ಗ್ಯಾಂಗ್‌ಮನ್ ಆಗಿದ್ದವರು. ಈಗ ಹಾಸಿಗೆ ಹಿಡಿದು, ಸಾಯುವ ಮುಂಚೆ ಒಮ್ಮೆ ಆ ಸ್ಟೇಷನ್ ನೋಡಬೇಕು ಎನ್ನುತ್ತಿದ್ದರು. ಅದಕ್ಕೇ ಅದರ ಪುಟ್ಟ ಮಾದರಿ ಕಟ್ಟುತ್ತಿದ್ದೆ. ಅಲ್ಲಿನ ಹಳಿಯ ಪಕ್ಕದ ಮಣ್ಣನ್ನೇ ತಂದು, ಹುಳ ಸಾಯಲೆಂದು ಹುರಿದೆ.

ಮಣ್ಣು ಜಿಡ್ಡು ಬಿಟ್ಟಿತು. ಕೊಬ್ಬು ಕರಗಿದ ವಾಸನೆ ಬಂತು.

"ಏನ್ ಸುಡಾಕತ್ತೀರಿ ಅದ್ರಾಗ?" ಹೆಂಡತಿ ಕಲ್ಯಾಣಿ ಮೂಗು ಮುಚ್ಚಿಕೊಂಡಳು. "ಇನ್ನ ಆ ಹಂಚಿನಾಗ ನೀವೇ ರೊಟ್ಟಿ ಬಡಕೊಂಡು ತಿನ್ರಿ."

ಗೋಂದು ಬೆರೆಸಿ ಮಾದರಿಯ ಹಳಿಗಳ ನಡುವೆ ಹರಡಿದೆ. ವಾರ ಕಳೆದರೂ ಒಣಗಲಿಲ್ಲ. ಒತ್ತಿದರೆ ಹಣ್ಣಾದ ಕುರುವಿನಂತೆ ಮೆತ್ತಗಿತ್ತು. ಆಮೇಲೆ ಅದರಲ್ಲಿ ಕಪ್ಪು ಎಳೆಗಳು ಎದ್ದವು. ಬೂಷ್ಟು ಎಂದುಕೊಂಡು ಭೂತಗನ್ನಡಿ ಹಿಡಿದೆ. ಕೂದಲು, ಒಂದೊಂದಕ್ಕೂ ಬೇರಿತ್ತು. ಬ್ಲೇಡಿನಿಂದ ಬೋಳಿಸಿ, ಮಾದರಿಯನ್ನು ಅಪ್ಪನ ಮುಂದಿಟ್ಟೆ.

ಅಪ್ಪ ಹಳಿಗಳ ನಡುವೆ ಬಹಳ ಹೊತ್ತು ಬೆರಳಾಡಿಸಿದರು.

"ಇನ್ನ ಬೋಳಿಸಬ್ಯಾಡಲೇ, ಅದಕ್ಕ ನೋಯ್ತದ."

ಬೋಳಿಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈಗ ಆ ಮಾದರಿಯನ್ನು ಹಾಸಿಗೆಯಿಂದ ಇಳಿಸಲು ಅಪ್ಪ ಬಿಡುತ್ತಿಲ್ಲ. ನಿನ್ನೆ ಕೊಬ್ಬರಿ ಎಣ್ಣೆ ಕೇಳಿ ಪಡೆದು, ಮತ್ತೆ ಬೆಳೆದ ಕೂದಲಿಗೆ ಹಚ್ಚಿ ಬಾಚಿದರು. ಇಂದು ಅವರು ಮಲಗಿದ್ದಾಗ ಸ್ಕೇಲ್ ಇಟ್ಟು ಅಳೆದೆ. ಉದ್ದ 43 ಮಿಲಿಮೀಟರ್.